ಎಲ್‌ಡಿಎಚ್ ಹೈ ಬಂದರೆ ಕ್ಯಾನ್ಸರಾ?

ಬದಿಯಡ್ಕದಲ್ಲೋ ಕುಂಬಳೆಯಲ್ಲೋ ರಕ್ತ ಕೊಟ್ಟು ಬಂದು, ಸಂಜೆ ವಾಟ್ಸಾಪ್‌ಗೆ ಬಂದ ರಿಪೋರ್ಟಲ್ಲಿ ಎಲ್‌ಡಿಎಚ್ (ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ) ಎದುರು ‘ಹೈ’ ಅಂತ ಇದ್ದರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಯಾರೋ ಮೊಬೈಲಲ್ಲಿ ಹುಡುಕಿ ಕ್ಯಾನ್ಸರ್ ಅಂದುಬಿಡುತ್ತಾರೆ. ರಕ್ತದ ಕಿಣ್ವಗಳಿಗೂ ಕ್ಯಾನ್ಸರಿಗೂ ಇರುವ ನಂಟು ಹಳೆಯದು, ಆದರೆ ಅಷ್ಟು ನೇರವಾದದ್ದಲ್ಲ. ಅದು ಶುರುವಾದದ್ದು ಬೇರೊಂದು ಕಿಣ್ವದಿಂದ.

1935ರಲ್ಲಿ ಕುಟ್ಷರ್ ಮತ್ತು ವೋಲ್ಬರ್ಗ್ಸ್ ಎಂಬ ಜರ್ಮನ್ ಸಂಶೋಧಕರಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಬಹಳ ಜಾಸ್ತಿ ಇರುವುದು ಕಂಡಿತು. 1938ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಮತ್ತು ಎಥೆಲ್ ಗಟ್‌ಮನ್, ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದವರ ರಕ್ತದಲ್ಲಿ ಅದು ಏರುತ್ತದೆ ಎಂದು ತೋರಿಸಿದರು. ಹರಡಿದ ಮೇಲೆ ಗೊತ್ತಾಗಿ ಏನು ಪ್ರಯೋಜನ ಅಂತ ಅನಿಸಬಹುದು. ಆದರೆ 1941ರಲ್ಲಿ ಚಿಕಾಗೋದ ಚಾರ್ಲ್ಸ್ ಹಗಿನ್ಸ್, ರೋಗಿಯ ವೃಷಣ ತೆಗೆದ ಮೇಲೆ ಅದೇ ಅಂಕೆ ಇಳಿಯುವುದನ್ನು ನೋಡಿದರು. ಗಂಡು ಹಾರ್ಮೋನು ನಿಲ್ಲಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ರಕ್ತದ ಒಂದು ಕಿಣ್ವವೇ ಹೇಳಿತ್ತು! 1966ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನ ಪ್ರಕಾರ ಕಿಣ್ವದ ನಿಜವಾದ ಉಪಕಾರ ಇಲ್ಲೇ ಇದೆ, ರೋಗ ಹುಡುಕುವುದಕ್ಕಿಂತ ಚಿಕಿತ್ಸೆ ಹಿಡಿಯುತ್ತಿದೆಯಾ ಅಂತ ನೋಡುವುದರಲ್ಲಿ.

ಎಲ್‌ಡಿಎಚ್ ಸರದಿ 1954ರಲ್ಲಿ ಬಂತು. ಕ್ಯಾನ್ಸರ್ ರೋಗಿಗಳ ಸೀರಂನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಅದು ಏರಿರುವುದನ್ನು ಹಿಲ್ ಮತ್ತು ಲೆವಿ ವರದಿ ಮಾಡಿದರು. ತೊಂದರೆ ಏನೆಂದರೆ, ಈ ಕಿಣ್ವ ಮೈಯ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳಲ್ಲೂ ಇದೆ. ಹೃದಯಾಘಾತ, ಕಾಮಾಲೆ, ಮಳೆಗಾಲದ ಇಲಿಜ್ವರ, ಎಲ್ಲಿ ಕೋಶ ಒಡೆದರೂ ರಕ್ತಕ್ಕೆ ಸೋರುತ್ತದೆ. ಕೆಂಪು ರಕ್ತಕಣದಲ್ಲಂತೂ ತುಂಬಿದೆ. ಇಲ್ಲಿ ತೆಗೆದ ರಕ್ತ ಮಂಗಳೂರಿನ ದೊಡ್ಡ ಲ್ಯಾಬಿಗೆ ಕುಲುಕಾಡುತ್ತ ಹೋಗುವಾಗ ಕಣಗಳು ಒಡೆದರೆ, ತಿಳಿಹಳದಿ ಇರಬೇಕಾದ ಸೀರಂ ನಸುಗೆಂಪಾಗುತ್ತದೆ, ಅಂಕೆ ಸುಮ್ನೆ ಏರುತ್ತದೆ. ಅಂಥ ಸ್ಯಾಂಪಲ್ ಬಿಟ್ಟು ಹೊಸದಾಗಿ ರಕ್ತ ಕೇಳುವ ಲ್ಯಾಬಿನವರ ಮೇಲೆ ಸಿಟ್ಟಾಗಬೇಡಿ.

ಇನ್ನೊಂದು ವಿಷಯ. ಇಲ್ಲಿ ಕಿಣ್ವ ಎಷ್ಟಿದೆ ಅಂತ ತೂಗುವುದಿಲ್ಲ, ಎಷ್ಟು ಬೇಗ ಕೆಲಸ ಮಾಡುತ್ತದೆ ಅಂತ ನೋಡುತ್ತಾರೆ. 340 ನ್ಯಾನೋಮೀಟರ್ ಬೆಳಕನ್ನು ದ್ರವ ಹೀರುವುದು ನಿಮಿಷಕ್ಕೆ ಎಷ್ಟು ಬದಲಾಯಿತು ಅನ್ನುವುದೇ ಲೆಕ್ಕ. ಈ ಕಿಣ್ವ ಲ್ಯಾಕ್ಟೇಟ್ ಎಂಬ ರಾಸಾಯನಿಕವನ್ನು ಪೈರುವೇಟ್ ಆಗಿ ಬದಲಿಸುತ್ತದೆ, ತಿರುಗಾಮುರುಗಾ ಕೂಡ. ಲ್ಯಾಕ್ಟೇಟ್ ಹಾಕಿ ಅಳೆದರೆ ಒಂದು ಅಂಕೆ, ಪೈರುವೇಟ್ ಹಾಕಿದರೆ ಸುಮಾರು ಎರಡು ಪಟ್ಟು! ಹಾಗಾಗಿ ಒಂದು ಲ್ಯಾಬಿನಲ್ಲಿ ‘ಹೈ’ ಆದ 400, ಇನ್ನೊಂದರಲ್ಲಿ ನಾರ್ಮಲ್ ಆಗಬಹುದು.

ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್), ವೃಷಣದ ಕ್ಯಾನ್ಸರ್, ಹರಡಿದ ಮೆಲನೋಮಾಗಳಲ್ಲಿ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಡಾಕ್ಟರುಗಳು ಈಗಲೂ ಎಲ್‌ಡಿಎಚ್ ನೋಡುತ್ತಾರೆ, ಆದರೆ ರೋಗ ಗಟ್ಟಿಯಾಗಿ ಹೇಳುವುದು, ತೆಗೆದ ಗಡ್ಡೆಯನ್ನೋ ಅದರ ತುಣುಕನ್ನೋ ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ. ತೋರಿಸಲು ತಲಶ್ಶೇರಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ, ಮಂಗಳೂರಿಗೆ ಹೋದರೂ, ಹಳೇ ರಿಪೋರ್ಟುಗಳನ್ನೆಲ್ಲ ಜೊತೆಗಿಟ್ಟುಕೊಳ್ಳಿ, ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ.