ಪ್ಯಾರಾಫಿನ್ ಮೇಣದ ಉಪಚಾರ: ಸುಡುವುದು ಎಲ್ಲಿ, ಏಕೆ

ಪಾರ್ಲರಿನ ಈ ಉಪಚಾರದಲ್ಲಿ ಗ್ರಾಹಕರ ಕೈಯನ್ನು ಕರಗಿಸಿದ ಮೇಣಕ್ಕೆ ಮತ್ತೆ ಮತ್ತೆ ಅದ್ದಿ ಪದರ ಪದರವಾಗಿ ಮೇಣ ಹಿಡಿಸುತ್ತೇವೆ. 54 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ನಿಮಿಷ ಕೈ ಇಟ್ಟರೂ ಚರ್ಮ ಆಳವಾಗಿ ಸುಡಬಹುದು. ಅಷ್ಟೇ ಬಿಸಿಯ ಮೇಣವನ್ನು ಕೈ ತಾಳಿಕೊಳ್ಳುತ್ತದೆ. ಮೇಣ ಶಾಖವನ್ನು ನಿಧಾನವಾಗಿ ಬಿಡುತ್ತದೆ. ಜೊತೆಗೆ ಚರ್ಮಕ್ಕೆ ತಾಗಿದ ಮೊದಲ ಪದರ ಕೂಡಲೇ ಗಟ್ಟಿಯಾಗಿ ಮುಂದಿನ ಪದರಗಳ ಬಿಸಿಯನ್ನು ತಡೆಯುತ್ತದೆ. ಈ ಮೊದಲ ಪದರವನ್ನು ಕಾಪಾಡುವುದೇ ನಮ್ಮ ಮುಖ್ಯ ಕೆಲಸ.

ಹಾಗಾಗಿ ಉಂಗುರ, ಬಳೆ ತೆಗೆಸಿ. ಕೈ ತೊಳೆದು, ಬೆರಳ ಸಂದುಗಳನ್ನೂ ಪೂರ್ತಿ ಒರೆಸಿ. ಉಳಿದ ನೀರಹನಿ ಮೇಣದ ಬಿಸಿಯನ್ನು ನೇರವಾಗಿ ಚರ್ಮಕ್ಕೆ ದಾಟಿಸುತ್ತದೆ. ಸಣ್ಣ ಬೊಬ್ಬೆಗಳು ಏಳುವುದು ಅಲ್ಲೇ. ಮೊದಲ ಸಲ ಅದ್ದಿದ ಗೆರೆಗಿಂತ ಮೇಲಕ್ಕೆ ಮತ್ತೆ ಅದ್ದಬಾರದು, ಬೆರಳು ಮಡಚಬಾರದು. ಎರಡರಲ್ಲೂ ಬಿಸಿ ಮೇಣ ಪದರದ ಒಳಕ್ಕೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆರೇಳು ಪದರವಾದ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಟವೆಲ್ ಸುತ್ತಿ 15ರಿಂದ 20 ನಿಮಿಷ ಬಿಡಿ.

ಮೇಣವನ್ನು ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದಂತೆ ನೋಡಿಕೊಳ್ಳುವ ಸಾಧನ) ಇರುವ ಹೀಟರಿನಲ್ಲೇ ಕರಗಿಸಿ. ಒಲೆಯ ಮೇಲೆ ಬೇಡವೇ ಬೇಡ, ಹೊತ್ತಿಕೊಳ್ಳುತ್ತದೆ. ಹೀಟರಿನ ಗುಂಡಿ ತೋರಿಸುವ ಅಂಕಿಯನ್ನು ನಂಬದೆ ಥರ್ಮಾಮೀಟರ್ ಇಟ್ಟು ನೋಡಿ: ಕೈಕಾಲಿಗೆ 52ರಿಂದ 54 ಡಿಗ್ರಿ. ಆಮೇಲೆ ಒಂದು ಹನಿಯನ್ನು ನಿಮ್ಮ ಮಣಿಕಟ್ಟಿನ ಒಳಬದಿಗೆ, ನಂತರ ಗ್ರಾಹಕರ ಮಣಿಕಟ್ಟಿಗೆ ಹಾಕಿ ನೋಡಿ. ಮುಖಕ್ಕೆ ಅದ್ದುವ ಮಾತಿಲ್ಲ. ಇನ್ನೂ ಕಡಿಮೆ ಬಿಸಿಯ ಮೇಣವನ್ನು, ಗ್ರಾಹಕರ ಕಣ್ಣು ಮುಚ್ಚಿ, ಗಾಜ್ ಬಟ್ಟೆಯ ಮೇಲೆ ಬ್ರಷ್‌ನಿಂದ ಹಚ್ಚಿ.

ಈ ಬಿಸಿಗೆ ರೋಗಾಣುಗಳು ಸಾಯುತ್ತವೆಂದು ನೆಚ್ಚಬೇಡಿ. ಎಲ್ಲರ ಕೈಯನ್ನೂ ಒಂದೇ ಪಾತ್ರೆಗೆ ಅದ್ದಿಸುವ ಬದಲು, ಒಬ್ಬರಿಗೆ ಬೇಕಾದಷ್ಟು ಮೇಣವನ್ನು ಸೌಟಿನಲ್ಲಿ ತೆಗೆದು ಬೇರೆ ಬಟ್ಟಲಿಗೋ ಚೀಲಕ್ಕೋ ಹಾಕಿಕೊಳ್ಳುವುದು ಒಳ್ಳೆಯದು. ಬಳಸಿದ ಮೇಣ ನೇರವಾಗಿ ಕಸಕ್ಕೆ.

ಗಾಯ, ಫಂಗಸ್, ಊತ, ಈಗಷ್ಟೇ ವ್ಯಾಕ್ಸಿಂಗ್ ಮಾಡಿಸಿದ ಚರ್ಮ, ರೊಸೇಶಿಯಾ (ಮುಖ ಕೆಂಪೇರುವ ಚರ್ಮದ ತೊಂದರೆ) ಇರುವ ಮುಖ ಇದ್ದರೆ ಬೇಡ. ಅತಿ ಹೆಚ್ಚು ಎಚ್ಚರ ಬೇಕಾದದ್ದು ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರ ವಿಷಯದಲ್ಲಿ. ಸುಡುತ್ತಿದ್ದರೂ ಅವರು 'ಹಿತವಾಗಿದೆ' ಎಂದೇ ಹೇಳುತ್ತಾರೆ. ಕಣ್ಣು ಮುಚ್ಚಿಸಿ ಒಂದು ತಣ್ಣನೆಯ, ಒಂದು ಬೆಚ್ಚನೆಯ ಚಮಚ ತಾಗಿಸಿ. ವ್ಯತ್ಯಾಸ ಗೊತ್ತಾಗದಿದ್ದರೆ ಉಪಚಾರ ನಿಲ್ಲಿಸಿ, ವೈದ್ಯರನ್ನು ಕೇಳಲು ಹೇಳಿ.

ಸುಟ್ಟೇ ಹೋದರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಅಂಟಿಕೊಂಡ ಮೇಣವನ್ನು ಕಿತ್ತರೆ ಚರ್ಮವೂ ಬರುತ್ತದೆ. ಐಸ್, ಟೂತ್‌ಪೇಸ್ಟ್ ಹಚ್ಚಬೇಡಿ. ಬೊಬ್ಬೆ ಎದ್ದರೆ ಆಸ್ಪತ್ರೆಗೆ ಕಳಿಸಿ.