ಘಟ್ಟ ಇಳಿಯುವ ದಿನ ಮಗುವನ್ನು ಉಪವಾಸ ಇರಿಸಬೇಕೇ?

ಪ್ರಶ್ನೆ: ರಜೆಗೆ ಚಿಕ್ಕಮಗಳೂರಿನಿಂದ ಚಾರ್ಮಾಡಿ ಇಳಿದು ಧರ್ಮಸ್ಥಳ, ಮಂಗಳೂರು, ಮಲ್ಪೆ ನೋಡಿಕೊಂಡು ಬರಬೇಕೆಂದಿದ್ದೇವೆ. ಎಂಟು ವರ್ಷದ ಮಗಳಿಗೆ ಕೊಟ್ಟಿಗೆಹಾರ ದಾಟಿದರೆ ವಾಂತಿ ಶುರು. ಹಿಂದಿನ ರಾತ್ರಿಯಿಂದಲೇ ಹೊಟ್ಟೆ ಖಾಲಿ ಬಿಟ್ಟರೆ ಸರಿಹೋಗುತ್ತದೆಯೇ?

ಇಲ್ಲ. ಏಪ್ರಿಲ್ ಬಂತೆಂದರೆ ಈ ಪ್ರಶ್ನೆಯೂ ಬಂತು. ಘಟ್ಟದ ಹೆಸರು ಮಾತ್ರ ಬೇರೆ. ಹಾಸನದವರು ಶಿರಾಡಿ ಎನ್ನುತ್ತಾರೆ, ಶೃಂಗೇರಿಯವರು ಆಗುಂಬೆ ಎನ್ನುತ್ತಾರೆ. ಉತ್ತರ ಎಲ್ಲರಿಗೂ ಒಂದೇ. ಹೊರಡುವ ಗಂಟೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ತಿನ್ನಿಸಿ. ಕರಿದದ್ದು, ಲೋಟ ತುಂಬ ಹಾಲು ಬೇಡ. ಎದುರಿನ ರಸ್ತೆ ಕಾಣುವ ಕಡೆ ಕೂರಿಸಿ. ಕೈಯಿಂದ ಮೊಬೈಲ್ ತೆಗೆದುಕೊಳ್ಳಿ. ಇಷ್ಟು ಹೇಳಿದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ ಎಂಬುದೂ ಗೊತ್ತು. "ಹೊಟ್ಟೆಯಲ್ಲಿ ಇದ್ದರೆ ತಾನೇ ಹೊರಗೆ ಬರುವುದು?" ಎಂದು ಅಜ್ಜಿಯೋ ಚಿಕ್ಕಪ್ಪನೋ ಬಾಯಿ ಮುಚ್ಚಿಸಿಬಿಡುತ್ತಾರೆ. ಹಾಗಾಗಿ ಆ ಅಜ್ಜಿ, ಚಿಕ್ಕಪ್ಪಂದಿರಿಗೇ ಬರೆಯುತ್ತಿದ್ದೇನೆ.

ಅದೇ ಬೆಳಿಗ್ಗೆ ನಿಮ್ಮ ಕಾರಿನ ಚಾಲಕ ಏನು ತಿಂದರು ಎಂದು ಒಮ್ಮೆ ಗಮನಿಸಿ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ, ಮೇಲೊಂದು ಕಾಫಿ. ಅವರಿಗೆ ಏನೂ ಆಗುವುದಿಲ್ಲ. ಊಟವೇ ಕಾರಣವಾಗಿದ್ದರೆ ಮೊದಲು ಅವರೇ ಗಾಡಿ ನಿಲ್ಲಿಸಿ ಇಳಿಯಬೇಕಾಗಿತ್ತು. ಅವರಿಗೆ ತಿರುವು ಬರುವ ಮೊದಲೇ ಗೊತ್ತಿರುತ್ತದೆ. ಕಣ್ಣು ರಸ್ತೆಯ ಮೇಲಿರುತ್ತದೆ, ಸ್ಟಿಯರಿಂಗ್ ತಿರುಗಿಸುವ ಕೈಯೂ ಅವರದೇ. ಹಿಂದೆ ಕುಳಿತ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಅಥವಾ ಮೊಬೈಲಿನ ಪರದೆ. ಕಣ್ಣು "ನಾನು ಅಲುಗುತ್ತಿಲ್ಲ" ಎಂದು ವರದಿ ಕೊಡುತ್ತದೆ, ಕಿವಿ "ತಿರುಗುತ್ತಿದ್ದೇನೆ" ಎನ್ನುತ್ತದೆ.

ಹೌದು, ಕಿವಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಂಬಿಗೆಯನ್ನು ಗಕ್ಕನೆ ತಿರುಗಿಸಿದರೆ ಒಳಗಿನ ನೀರು ಹಿಂದೆ ಉಳಿಯುತ್ತದಲ್ಲವೇ, ಹಾಗೆ ತಲೆ ತಿರುಗಿದಾಗ ಆ ದ್ರವ ಹಿಂದುಳಿಯುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಕಣ್ಣಿನ ಸುದ್ದಿಗೂ ಇದಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಹೊಟ್ಟೆ ಇಲ್ಲಿ ಆಜ್ಞೆ ಪಾಲಿಸುವ ಬಡಪಾಯಿ.

ಇದಕ್ಕೆ ಒಳ್ಳೆಯ ಪುರಾವೆ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ, ಗಗನಯಾನದ ಸಿದ್ಧತೆಗಾಗಿ ಗ್ಯಾಲೋಡೆಟ್ ಕಾಲೇಜಿನ 11 ಮಂದಿ ಕಿವುಡರನ್ನು ಪ್ರಯೋಗಕ್ಕೆ ಕರೆದವು. ಒಬ್ಬರನ್ನು ಬಿಟ್ಟು ಉಳಿದವರ ಒಳಕಿವಿ ಮಿದುಳುಪೊರೆಯ ಸೋಂಕಿನಿಂದ ಹಾಳಾಗಿತ್ತು. ಅವರನ್ನು ಕೆನಡಾದ ಬಳಿಯ ಭೋರ್ಗರೆವ ಕಡಲಿಗೆ ಹಡಗಿನಲ್ಲಿ ಕರೆದೊಯ್ದರೆ ಅವರೆಲ್ಲ ಆರಾಮವಾಗಿ ಕುಳಿತಿದ್ದರು; ಟಿಪ್ಪಣಿ ಬರೆಯಬೇಕಿದ್ದ ಸಂಶೋಧಕರು ವಾಂತಿ ಮಾಡುತ್ತ ಪ್ರಯೋಗವನ್ನೇ ನಿಲ್ಲಿಸಿದರು. ಇದಕ್ಕಿಂತ ಚೆನ್ನಾಗಿ ಪಾಠ ಮಾಡಲು ನನಗೂ ಬರುವುದಿಲ್ಲ.

ಆದರೂ ಉಪವಾಸದ ನಂಬಿಕೆ ಸಾಯುವುದಿಲ್ಲ, ಏಕೆಂದರೆ ಅದು ಫಲ ಕೊಟ್ಟಂತೆ ಕಾಣುತ್ತದೆ. ಖಾಲಿ ಹೊಟ್ಟೆಯ ಮಗು ಸೀಟಿನ ಮೇಲೆ ಕಕ್ಕುವುದಿಲ್ಲ. ಆದರೆ ಅದರ ಮುಖ ನೋಡಿ: ಬಿಳಿಚಿಕೊಂಡಿರುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು, ಬಾಯಲ್ಲಿ ನೀರು, ಆಕಳಿಕೆಯ ಮೇಲೆ ಆಕಳಿಕೆ. ಕಷ್ಟ ಪೂರ್ತಿ ಅನುಭವಿಸುತ್ತಿದೆ, ಸೀಟು ಮಾತ್ರ ಉಳಿಯಿತು. ಕೊನೆಗೂ ವಾಂತಿಯಾದರೆ ಬರುವುದು ಹಳದಿ ಬಣ್ಣದ ಕಹಿ ನೀರು. ಹೊಟ್ಟೆಯಲ್ಲಿ ಬೇರೇನೂ ಇಲ್ಲದ್ದರಿಂದ ಪಿತ್ತರಸ ಬಂದಿರುತ್ತದೆ. ಅದನ್ನು ನೋಡಿ ದೊಡ್ಡವರು "ಮಗುವಿಗೆ ಪಿತ್ತ ಜಾಸ್ತಿಯಾಗಿದೆ" ಎಂದು ತೀರ್ಮಾನಿಸಿ ಮಧ್ಯಾಹ್ನದ ಊಟವನ್ನೂ ತಪ್ಪಿಸುತ್ತಾರೆ. ಉಪವಾಸ ಕೆಡವಿ ಪಿತ್ತ ಬರಿಸುವುದು, ಪಿತ್ತ ಬಂತೆಂದು ಮತ್ತೆ ಉಪವಾಸ ಕೆಡವುವುದು!

ನಿಂಬೆಹಣ್ಣು ಮೂಸುವುದರಿಂದ ತೊಂದರೆಯಿಲ್ಲ. ಡೀಸೆಲ್ ವಾಸನೆಯನ್ನಾದರೂ ಅದು ಮುಚ್ಚುತ್ತದೆ. ಸೀಟಿನ ಮೇಲೆ ದಿನಪತ್ರಿಕೆ ಹಾಸಿ ಕೂರುವುದರ ಬಗ್ಗೆ ನನ್ನನ್ನು ಕೇಳಬೇಡಿ. ಮಾತ್ರೆ ಬೇಕಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ, ಘಟ್ಟ ಸಿಗುವ ಬಹಳ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿಸಿದ ಮಾತ್ರೆ ವಾಂತಿಯ ಜೊತೆಗೇ ಹೋಗುತ್ತದೆ.

ಇನ್ನು ನನ್ನ ಹಳೆಯ ದೂರು. ಇಡೀ ಕುಟುಂಬ ಹೊರಟಾಗ ದೊಡ್ಡವರು ಮುಂದಿನ, ನಡುವಿನ ಸೀಟು ಹಿಡಿದು "ಮಕ್ಕಳು ಹಿಂದೆ ಆಡಿಕೊಳ್ಳಲಿ" ಎಂದು ಕೊನೆಯ ಸಾಲಿಗೆ ತಳ್ಳುತ್ತಾರೆ. ಹಿಂದಿನ ಚಕ್ರದ ಆಚೆಗಿರುವ ಆ ಸೀಟು ಗಾಡಿಯಲ್ಲೇ ಅತಿ ಹೆಚ್ಚು ಎಗರುವ, ಓಲಾಡುವ ಜಾಗ, ರಸ್ತೆಯೂ ಕಾಣದು. ಎರಡರಿಂದ ಹನ್ನೆರಡು ವರ್ಷದವರಿಗೇ ಈ ಕಾಟ ಹೆಚ್ಚು, ಅವರನ್ನೇ ಅಲ್ಲಿ ಕೂರಿಸುವುದು. ಚಾಲಕನ ಪಕ್ಕದ ಸೀಟು ಚಿಕ್ಕ ಮಕ್ಕಳಿಗೆ ಸುರಕ್ಷಿತವಲ್ಲ. ನಡುವಿನ ಸಾಲಿನಲ್ಲಿ ಬೆಲ್ಟ್ ಹಾಕಿ ಕೂರಿಸಿ, ಮುಂದಿನ ಗಾಜಿನಿಂದ ರಸ್ತೆ ಕಾಣಲಿ, ಕಿಟಕಿ ಸ್ವಲ್ಪ ತೆರೆದಿರಲಿ. ಮೂರನೆಯ ಸಾಲಿಗೆ ಚಿಕ್ಕಪ್ಪ ಹೋಗಲಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಿದಾಗಲೂ ಇದೇ ನಿಯಮ: ದೂರದ ದಿಗಂತ ನೋಡಲು ಹೇಳಿ. ಐದು ಸೆಕೆಂಡಿಗೊಮ್ಮೆ ಬರುವಂಥ ನಿಧಾನದ ಓಲಾಟವೇ ಎಲ್ಲಕ್ಕಿಂತ ಹೆಚ್ಚು ತೊಳಸುವುದು.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಘಟ್ಟ ಇಳಿಯುವಾಗ ಕಿವಿ ಕಟ್ಟುವುದಕ್ಕೂ ಈ ವಾಂತಿಗೂ ಸಂಬಂಧವಿಲ್ಲ. ಅದು ನಡುಗಿವಿಯ ಕೆಲಸ. ಕೊಟ್ಟಿಗೆಹಾರದಲ್ಲಿ ಕುಡಿದು ಮುಗಿಸಿದ ನೀರಿನ ಬಾಟಲಿಯ ಮುಚ್ಚಳ ಬಿಗಿದು ಇಟ್ಟುಕೊಳ್ಳಿ, ಉಜಿರೆಯಲ್ಲಿ ಮುಚ್ಚಳ ತೆರೆಯದೆ ಹಾಗೆಯೇ ನೋಡಿ: ಯಾರೋ ಹಿಂಡಿದಂತೆ ಒಳಕ್ಕೆ ಕುಸಿದಿರುತ್ತದೆ. ಕೆಳಗೆ ಗಾಳಿಯ ಒತ್ತಡ ಹೆಚ್ಚು. ಕಿವಿಯ ತಮಟೆಯೂ ಹಾಗೆಯೇ ಒಳಕ್ಕೆ ಒತ್ತಲ್ಪಡುತ್ತದೆ. ನಡುಗಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಒಳಗೆ ಗಾಳಿ ಹೋಗುತ್ತದೆ. ದೊಡ್ಡ ಮಕ್ಕಳಿಗೆ ಚೀಪಲು ಪೆಪ್ಪರಮಿಂಟು ಕೊಡಿ, ಕೂಸಿಗೆ ಇಳಿಜಾರಿನಲ್ಲಿ ಹಾಲು ಕುಡಿಸಿ. ಮಲಗಿದ್ದರೆ ನುಂಗುವುದು ಕಡಿಮೆ. ಅದಕ್ಕೇ ಚಾರ್ಮಾಡಿಯಲ್ಲಿ ನಿದ್ದೆ ಹೋದ ಮಗು ಕೆಳಗೆ ಬಂದ ಮೇಲೆ ಕಿವಿ ಹಿಡಿದುಕೊಂಡು ಅಳುತ್ತ ಏಳುವುದು. ಮರಳಿ ಹತ್ತುವಾಗ ಈ ಕಾಟ ಕಡಿಮೆ, ಏಕೆಂದರೆ ಆ ನಾಳದಿಂದ ಗಾಳಿ ಹೊರಬರುವುದು ಸುಲಭ, ಒಳಹೋಗುವುದೇ ಕಷ್ಟ. ನೆಗಡಿಯಿಂದ ನಾಳ ಊದಿಕೊಂಡಿದ್ದರೆ ಮಾತ್ರ ಪೆಪ್ಪರಮಿಂಟಿನಿಂದ ಆಗುವುದಿಲ್ಲ. ಮೂಗು ಕಟ್ಟಿದ ಮಗುವಿದ್ದರೆ ಹೊರಡುವ ದಿನವನ್ನೇ ಮುಂದಕ್ಕೆ ಹಾಕಿ.