ತೊಂಬತ್ತರ ವೇಗದಲ್ಲಿ ಅದುರುವ ಸ್ಟೇರಿಂಗ್

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಮಂಡ್ಯದ ನಮ್ಮ ಟೈರ್ ಅಂಗಡಿಗೆ ಬರುವ ದೂರುಗಳ ಸ್ವರೂಪವೇ ಬದಲಾಗಿದೆ. ಹಳೆಯ ರಸ್ತೆಯಲ್ಲಿ ಮದ್ದೂರು, ಚನ್ನಪಟ್ಟಣಗಳ ಪೇಟೆ ದಾಟುವಾಗ ಅರವತ್ತರ ವೇಗವೂ ನಿಲ್ಲುತ್ತಿರಲಿಲ್ಲವಾದ್ದರಿಂದ ಚಕ್ರದ ದೋಷ ಚಕ್ರದಲ್ಲೇ ಅಡಗಿರುತ್ತಿತ್ತು. ಈಗ ಬೈಪಾಸ್ ಹತ್ತಿದ ಕೆಲವೇ ನಿಮಿಷಗಳಲ್ಲಿ ಅದು ಚಾಲಕರ ಕೈಗೆ ತಾಗುತ್ತದೆ.

ಟೈರಾಗಲಿ ರಿಮ್ಮಾಗಲಿ ಸುತ್ತಲೂ ಒಂದೇ ತೂಕ ಇರುವುದಿಲ್ಲ. 15 ಇಂಚಿನ ರಿಮ್‌ನ ಅಂಚಿನಲ್ಲಿ ಒಂದು ಕಡೆ 30 ಗ್ರಾಂ ಹೆಚ್ಚಿದ್ದರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಸುಮಾರು 5 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ, ಅದೂ ಸೆಕೆಂಡಿಗೆ ಸುಮಾರು 15 ಸುತ್ತು ದಿಕ್ಕು ಬದಲಿಸುತ್ತಾ. ವೇಗ ಅರ್ಧವಾದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಊರೊಳಗೆ ಏನೂ ತಿಳಿಯದಿರುವುದು ಇದರಿಂದಲೇ. ಚಕ್ರವನ್ನು ಯಂತ್ರದ ಮೇಲೆ ತಿರುಗಿಸಿ ಅಳೆದು, ಹಗುರ ಬದಿಗೆ ಸಣ್ಣ ತೂಕ ಬಡಿದು ಇದನ್ನು ಸರಿದೂಗಿಸುವುದೇ ಬ್ಯಾಲೆನ್ಸಿಂಗ್. ಮುಂದಿನ ಚಕ್ರದ್ದಾದರೆ ಅದುರು ಸ್ಟೇರಿಂಗ್‌ಗೆ ಬರುತ್ತದೆ, ಹಿಂದಿನದಾದರೆ ಹೆಚ್ಚಾಗಿ ಸೀಟಿಗೆ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಬ್ರೇಕ್ ಡಿಸ್ಕನ್ನು ನೋಡಬೇಕು. ಗಾಡಿ ಒಂದು ಪಕ್ಕಕ್ಕೆ ಎಳೆದರೆ ಟೈರಿನ ಗಾಳಿಯನ್ನೂ ಅಲೈನ್‌ಮೆಂಟನ್ನೂ, ಅಂದರೆ ಚಕ್ರಗಳು ನೇರವಾಗಿ ನಿಂತಿವೆಯೇ ಎಂಬುದನ್ನೂ, ನೋಡಬೇಕು.

ಕಳೆದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ರೈತರೊಬ್ಬರು ಬಂದು, “ಎರಡ್ ಸಲ ಬ್ಯಾಲೆನ್ಸಿಂಗ್ ಮಾಡ್ಸಿವ್ನಿ ಸಾರ್, ಆದ್ರೂ ತೊಂಬತ್ತು ಮುಟ್ಟಿದ್ರೆ ಕೈ ಜುಮ್ ಅಂತದೆ” ಎಂದರು. ಚಕ್ರ ಬಿಚ್ಚಿ ಮಗುಚಿದಾಗ ರಿಮ್‌ನ ಒಳಮೈಯಲ್ಲಿ ಗದ್ದೆಯ ಕೆಸರು ಒಣಗಿ, ಅಂಗೈ ಅಗಲದ ಹೆಂಟೆಯಾಗಿ ಕೂತಿತ್ತು. ಅದನ್ನು ತೆಗೆಯದೆಯೇ, ಎದುರು ಬದಿಗೆ ಯಾರೋ ಸೀಸದ ತೂಕ ಬಡಿದಿದ್ದರು. ಅಂದರೆ ಅವರು ಸರಿದೂಗಿಸಿದ್ದು ಟೈರನ್ನಲ್ಲ, ಮಣ್ಣನ್ನು. ಆ ಮಣ್ಣು ಚೂರುಚೂರೇ ಉದುರಿದಂತೆ ಬಡಿದ ತೂಕವೇ ಹೊಸ ದೋಷವಾಗುತ್ತದೆ. ಹಳೆಯ ತೂಕಗಳನ್ನೆಲ್ಲ ಕಿತ್ತು, ಮಣ್ಣು ಕೆರೆದು, ಟೈರಿನ ಸಂದುಗಳಲ್ಲಿ ಸಿಕ್ಕಿದ್ದ ಜಲ್ಲಿ ಆರಿಸಿ ತಿರುಗಿಸಿದಾಗ ಒಳಗೆ 15, ಹೊರಗೆ 10 ಗ್ರಾಂ ಸಾಕಾಯಿತು.

ತೊಳೆಯದ ಚಕ್ರವನ್ನು ಯಂತ್ರಕ್ಕೆ ಏರಿಸುವ ಅಂಗಡಿಯಿಂದ ಗಾಡಿ ಹಿಂದೆಗೆದುಕೊಂಡು ಬರುವುದೇ ಮೇಲೆಂದು ನಾನು ಹೇಳುತ್ತೇನೆ. ಇನ್ನೊಂದು ತಪ್ಪು ಕಣ್ಣಿಗೆ ಸುಲಭವಾಗಿ ಬೀಳದು: ಚಕ್ರವನ್ನು ನಡುವಿನಲ್ಲಿ ಹಿಡಿಯುವ ಯಂತ್ರದ ಕೋನ್ ರಿಮ್‌ನ ನಡುತೂತಿನಲ್ಲಿ ಸರಿಯಾಗಿ ಕೂರದಿದ್ದರೂ ಪರದೆ ಸೊನ್ನೆಯನ್ನೇ, ಅಂದರೆ ಇನ್ನು ತೂಕ ಬೇಡವೆಂದೇ, ತೋರಿಸಬಹುದು. ಇದನ್ನು ಹಿಡಿಯಲು, ಸೊನ್ನೆ ಬಂದ ಮೇಲೆ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸುವಂತೆ ಕೇಳಬೇಕು. ಆಗಲೂ ಸೊನ್ನೆಯೋ, ಹೆಚ್ಚೆಂದರೆ 5 ಗ್ರಾಮೋ ಬಂದರೆ ಸರಿ. 20 ಬಂದರೆ ಮೊದಲಿನ ಅಳತೆಯನ್ನು ನಂಬುವಂತಿಲ್ಲ. ಕೆಲಸಗಾರರು ಗೊಣಗುವುದುಂಟು, ಗೊಣಗಲಿ.

ಒಂದೇ ಚಕ್ರಕ್ಕೆ 80, 100 ಗ್ರಾಂ ಬೇಕೆಂದು ಯಂತ್ರ ಹೇಳಿದರೆ ತೂಕ ಬಡಿಯುತ್ತಾ ಹೋಗದೆ, ಗಾಳಿ ಬಿಟ್ಟು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ನೋಡಬೇಕು. ಎರಡರ ಭಾರದ ಬದಿಗಳೂ ಒಂದೇ ಕಡೆ ಕೂಡಿದ್ದರೆ ಲೆಕ್ಕ ತಾನೇ ಇಳಿಯುತ್ತದೆ. ಹೊಸ ಟೈರಿನ ಮೇಲಿರುವ ಹಳದಿ ಚುಕ್ಕೆ ಸಾಮಾನ್ಯವಾಗಿ ಅದರ ಹಗುರ ಬದಿಯ ಗುರುತಾದ್ದರಿಂದ ಅದನ್ನು ಗಾಳಿ ತುಂಬುವ ವಾಲ್ವಿನ ನೇರಕ್ಕೆ ಕೂರಿಸುತ್ತೇವೆ. ಹಳ್ಳಕ್ಕೆ ಬಿದ್ದು ಸೊಟ್ಟಗಾದ ರಿಮ್‌ಗೆ ಮಾತ್ರ ಈ ಯಾವ ಉಪಾಯವೂ ನಡೆಯದು, ಏಕೆಂದರೆ ತೂಕ ಸಮವಾದರೂ ಆಕಾರ ದುಂಡಾಗುವುದಿಲ್ಲ. ಪಂಕ್ಚರ್ ತಡೆಯಲೆಂದು ಟೈರಿನೊಳಗೆ ದ್ರವ ಹಾಕಿಸಿದವರ ಚಕ್ರ ಒಂದೊಂದು ಸಲಕ್ಕೆ ಒಂದೊಂದು ಅಂಕಿ ತೋರಿಸುವುದರಿಂದ ಆ ವಿಷಯವನ್ನು ಮೊದಲೇ ತಿಳಿಸಿದರೆ ನಮ್ಮ ಅರ್ಧ ಗಂಟೆ ಉಳಿಯುತ್ತದೆ.

ಹೊಸ ಟೈರ್ ಹಾಕಿಸಿದಾಗ, ಪಂಕ್ಚರ್‌ಗೆಂದು ರಿಮ್‌ನಿಂದ ಟೈರ್ ಕಳಚಿದಾಗ, ಇಲ್ಲವೇ ಸುಮಾರು 10,000 ಕಿ.ಮೀ.ಗೊಮ್ಮೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ನಾಲೆ ಏರಿಯ ಮೇಲೆ ದಿನವೂ ಓಡಾಡುವವರು ಮಳೆಗಾಲದಲ್ಲಿ ಗಾಡಿ ತೊಳೆಸುವಾಗ ರಿಮ್‌ನ ಒಳಮೈಗೂ ನೀರು ಬಿಡಿಸಿದರೆ, ನಮ್ಮಲ್ಲಿಗೆ ಬರುವ ಒಂದೆರಡು ಸರದಿ ತಪ್ಪೀತು.